ಮಗಳು ವಿಮಾನ ಹಾರಿಸಲು ಹೊರಟಾಗ

ಬಸವೇಶ್ವರನಗರದ ಪರಿಚಿತ ದಂಪತಿಗಳು ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಬಂದಿದ್ದರು. ಪಿ.ಯು.ಸಿ. ಮುಗಿಸಿದ ಮಗಳಿಗೆ ವಿಮಾನ ಚಾಲಕಳಾಗುವ ಹಂಬಲ. ಅಮೆರಿಕದಲ್ಲಿ ತರಬೇತಿ ಪಡೆದು ಅಲ್ಲಿಯೇ ಉದ್ಯೋಗಕ್ಕೆ ಸೇರುವೆನೆನ್ನುತ್ತಾಳೆ. ಅದಕ್ಕಾಗಿ ಕೆಂಗೇರಿ ಉಪನಗರದ ನಿವೇಶನವನ್ನು ಮಾರಿಬಿಡಲೇ ಎಂಬುದು ತಂದೆಯವರ ಪ್ರಶ್ನೆ. ತಾಯಿಯವರು ಕೇಳಿದ್ದು ಒಂದೇ ಮಾತು: "ಹೆಣ್ಣುಮಗು, ಅಷ್ಟು ದೂರ ಕಳಿಸೋದು ಸರಿಯೇ ಅಣ್ಣಾ?"

ತಾಯಿಯವರಿಗೆ ಉತ್ತರಿಸುವುದು ಸುಲಭವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, 2021ರ ಜನವರಿ 11ರಂದು ನಮ್ಮ ಬೆಂಗಳೂರಿಗೇ ಬಂದಿಳಿದ ಏರ್ ಇಂಡಿಯಾ ವಿಮಾನವನ್ನು ನಡೆಸಿದವರೆಲ್ಲರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳು. ಮಹಿಳಾ ಚಾಲಕರ ಪ್ರಮಾಣದಲ್ಲಿ ನಮ್ಮ ದೇಶ ಜಗತ್ತಿನ ಸರಾಸರಿಗಿಂತ ಬಹಳ ಮುಂದಿದೆ. ಹೆಣ್ಣೆಂಬ ಕಾರಣಕ್ಕೆ ತಡೆಯುವುದು ನಮಗೆ ಒಪ್ಪಿಗೆಯಿಲ್ಲ.

ತಂದೆಯವರ ಪ್ರಶ್ನೆಯೇ ಕಠಿನವಾದುದು. ಪರವಾನಗಿ ದೊರೆತೊಡನೆ ಉದ್ಯೋಗ ದೊರೆಯುವುದೆಂದು ಅನೇಕರು ತಿಳಿದಿದ್ದಾರೆ. ಅಮೆರಿಕದಲ್ಲಿ ಸುಮಾರು 250 ಗಂಟೆ ಹಾರಿದವರಿಗೆ ವಾಣಿಜ್ಯ ಪರವಾನಗಿ ಸಿಗಬಹುದು. ಆದರೆ 2013ರಿಂದೀಚೆಗೆ ಪ್ರಯಾಣಿಕ ವಿಮಾನಸಂಸ್ಥೆ ಸೇರಲು ಸಾಮಾನ್ಯವಾಗಿ 1,500 ಗಂಟೆ ಬೇಕು. ನಡುವಿನ ಗಂಟೆಗಳನ್ನು ಅಲ್ಲಿಯವರು ಇತರರಿಗೆ ಹಾರಾಟ ಕಲಿಸಿ ತುಂಬಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳಿಗೆ ಅಲ್ಲಿಯೇ ತೊಡಕು. ವಿದ್ಯಾರ್ಥಿ ವೀಸಾ ಕಲಿಯಲು ಕೊಟ್ಟ ಅನುಮತಿಯೇ ಹೊರತು, ಮನಬಂದಷ್ಟು ಕಾಲ ದುಡಿಯಲು ಕೊಟ್ಟದ್ದಲ್ಲ. ಕೊಲ್ಲಿ ದೇಶಗಳ ದೊಡ್ಡ ಸಂಸ್ಥೆಗಳೋ, ಅನುಭವಿಗಳನ್ನೇ ಅರಸುತ್ತವೆ. ತಾಯ್ನಾಡಿಗೆ ಮರಳಿದರೆ ಡಿ.ಜಿ.ಸಿ.ಎ.ಯ ಪರೀಕ್ಷೆಗಳನ್ನು ಬರೆದು ಪರವಾನಗಿಯನ್ನು ಪರಿವರ್ತಿಸಿಕೊಳ್ಳಬೇಕು.

ಉದ್ಯೋಗ ಸಿಕ್ಕಿದ ಮೇಲೂ ನೆಮ್ಮದಿ ಖಚಿತವಲ್ಲ. ನಮ್ಮ ಊರಿನದೇ ಆದ ಕಿಂಗ್‌ಫಿಷರ್ ಸಂಸ್ಥೆ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಮರುವರ್ಷ ಕೋವಿಡ್ ಬಂದಾಗ ಜಗತ್ತಿನ ವಿಮಾನಗಳೇ ನೆಲ ಹಿಡಿದವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಹಾಗೆಂದು ಬೇಡವೆಂದು ನಾವು ಹೇಳಲಿಲ್ಲ. ಮೊದಲು ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆಯಾಗಲಿ ಎಂದೆವು. ಕಣ್ಣಿನ ವರ್ಣದೃಷ್ಟಿ, ಕಿವಿ, ಹೃದಯ ಎಲ್ಲವನ್ನೂ ನೋಡುತ್ತಾರೆ. ಇಲ್ಲಿ ಅನರ್ಹರಾದರೆ ಕಟ್ಟಿದ ಶುಲ್ಕವೆಲ್ಲ ನೀರಿನಲ್ಲಿ ಹೋಮ. ಹಳೆಯ ವಿಮಾನ ನಿಲ್ದಾಣದ ರಸ್ತೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಈ ಪರೀಕ್ಷೆ ನಡೆಯುತ್ತದೆ. (ವಿಜಯನಗರದ ಕಡೆಯಿಂದ ಅಲ್ಲಿಗೆ ತಲುಪುವಷ್ಟರಲ್ಲಿ ವಿಮಾನದಲ್ಲಿ ಮುಂಬಯಿ ಸೇರಬಹುದು, ಆ ಮಾತು ಬೇರೆ.) ಎರಡನೆಯದಾಗಿ, ಡಿ.ಜಿ.ಸಿ.ಎ.ಯ ಲಿಖಿತ ಪರೀಕ್ಷೆಗಳನ್ನು ಇಲ್ಲಿಯೇ ಬರೆಯಲಿ. ಪಥನಿರ್ಣಯ, ಹವಾಮಾನ, ವಾಯುಯಾನ ನಿಯಮಗಳು ಇವುಗಳನ್ನು ಮನೆಯ ಊಟ ಉಂಡು ಓದಬಹುದು. ಅಷ್ಟಾದ ಮೇಲೆ ವಿದೇಶದ ಶಾಲೆಯ ಮಾತು. ಅಲ್ಲಿಯೂ ಹಣವನ್ನು ಒಂದೇ ಬಾರಿಗೆ ಕಟ್ಟದೆ, ಹಾರಿದ ಗಂಟೆಗಳಿಗೆ ತಕ್ಕಂತೆ ಕಟ್ಟುವ ಏರ್ಪಾಡು ಇದೆಯೇ ಎಂದು ವಿಚಾರಿಸತಕ್ಕದ್ದು.

ಮಗಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಮೊನ್ನೆ ತಂದೆಯವರು ದೂರವಾಣಿಯಲ್ಲಿ ತಿಳಿಸಿದರು: ವೈದ್ಯಕೀಯ ಪರೀಕ್ಷೆ ಮುಗಿದು ಅರ್ಹಳೆಂದಾಗಿದೆ, ಈಗ ಹವಾಮಾನದ ಪುಸ್ತಕ ಹಿಡಿದಿದ್ದಾಳೆ. ನಿವೇಶನದ ಪತ್ರ ಸದ್ಯಕ್ಕೆ ಬೀರುವಿನಲ್ಲಿಯೇ ಇದೆ.