ಶಾಲೆ ನಡೆಸುವವರನ್ನು ಊರಿಗೆ ಪರಿಚಯಿಸೋಣ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಹಾಲಾಡಿ ಮೇಳಕ್ಕೆ ಈ ವರ್ಷ ಭಾಗವತರು ಯಾರು, ಎರಡನೇ ವೇಷಕ್ಕೆ ಯಾರು, ಹಾಸ್ಯಕ್ಕೆ ಯಾರು, ಯಾರು ಮೇಳ ಬದಲಿಸಿದರು ಎಂಬುದೆಲ್ಲ ಪೇಟೆಯ ಹೋಟೆಲಿನ ಬೆಂಚಿನ ಮೇಲೆ ಚರ್ಚೆಯಾಗಿ ಮುಗಿದಿರುತ್ತದೆ. ಕರಪತ್ರ ಬರುವ ಮೊದಲೇ ನಮಗೆ ಹೆಸರುಗಳು ಬಾಯಿಪಾಠ. ಅದೇ ಬೆಂಚಿನಲ್ಲಿ ಕುಳಿತ ಅಪ್ಪನೊಬ್ಬನನ್ನು, ನಿಮ್ಮ ಮಗಳಿಗೆ ಗಣಿತ ಹೇಳಿಕೊಡುವವರು ಯಾರು ಎಂದು ಕೇಳಿ ನೋಡಿ. "ಹೊಸ್ತ್ ಯಾರೋ ಮಾಷ್ಟ್ರ್ ಬಂದಿರಂಬ್ರ್" ಎಂಬ ಉತ್ತರ ಸಿಕ್ಕರೆ ಅದೇ ಹೆಚ್ಚು. ಶಾಲಾಭಿವೃದ್ಧಿ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಆ ಉತ್ತರವೂ ಇಲ್ಲ.

28 ಹಾಲಾಡಿ, 76 ಹಾಲಾಡಿ ಗ್ರಾಮಗಳ ಮತ್ತು ಸುತ್ತಲಿನ ಊರುಗಳ ಹೆತ್ತವರಲ್ಲಿ, ಅಜ್ಜ ಅಜ್ಜಿಯರಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ ನನ್ನ ಮನವಿ ಇಷ್ಟೇ. ನಮ್ಮ ಸರಕಾರಿ ಶಾಲೆಗಳನ್ನು ನಡೆಸುತ್ತಿರುವವರು ಯಾರೆಂದು ಊರಿಗೆ ಗೊತ್ತಾಗಬೇಕು. ಮುಖ್ಯ ಶಿಕ್ಷಕರಿಂದ ಹಿಡಿದು ಅಡುಗೆಯವರ ತನಕ, ಸಮಿತಿಯ ಅಧ್ಯಕ್ಷರಿಂದ ಹಿಡಿದು ಕೊನೆಯ ಸದಸ್ಯೆಯ ತನಕ, ಹೆಸರು, ಮುಖ, ಕೆಲಸ ಮೂರೂ ನಮಗೆ ಪರಿಚಯವಾಗಬೇಕು. ಆ ಪರಿಚಯವನ್ನು ನಾವೇ ಮುಂದೆ ನಿಂತು ಮಾಡಿಸಬೇಕು.

ಹಿಂದೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. 1956ರವರೆಗೆ ಈ ಸೀಮೆ ಮದ್ರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಂದಿನ ಬೋರ್ಡು ಶಾಲೆಗಳನ್ನೂ ಐಡೆಡ್ ಶಾಲೆಗಳನ್ನೂ ಹಿರಿಯರು ಇಂದಿಗೂ ನೆನೆಯುತ್ತಾರೆ. ಜಾಗ ಕೊಟ್ಟವರು, ಮರ ಕೊಟ್ಟವರು, ಮಾಡಿಗೆ ಹಂಚು ಹೊರಿಸಿದವರು ಊರಿನವರೇ. ಮಾಷ್ಟ್ರು ಊರಿನಲ್ಲೇ ಬಿಡಾರ ಮಾಡಿಕೊಂಡಿರುತ್ತಿದ್ದರು. ಸಂಜೆ ಅಂಗಡಿ ಜಗಲಿಯಲ್ಲಿ ಸಿಗುತ್ತಿದ್ದರು, ಮದುವೆಗೆ, ಪೂಜೆಗೆ, ಆಟಕ್ಕೆ ಬರುತ್ತಿದ್ದರು. ಈಗ ಅನೇಕ ಶಿಕ್ಷಕರು ಕುಂದಾಪುರದಿಂದಲೋ ಬ್ರಹ್ಮಾವರದಿಂದಲೋ ಬೆಳಿಗ್ಗೆ ಬಂದು ಸಂಜೆ ಮರಳುತ್ತಾರೆ. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ, ಅದು ತಪ್ಪಲ್ಲ. ಇತ್ತ ನಮ್ಮ ಮನೆಗಳಲ್ಲೂ ಅಪ್ಪ ಬೆಂಗಳೂರಿನ ಹೋಟೆಲಿನಲ್ಲಿ, ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ, ಮಗುವನ್ನು ಶಾಲೆಗೆ ಹೊರಡಿಸುವುದು ಅಜ್ಜಿ. ಶಂಕರನಾರಾಯಣ, ಬಿದ್ಕಲ್‌ಕಟ್ಟೆ, ಗೋಳಿಯಂಗಡಿ, ಅಮಾಸೆಬೈಲು ಕಡೆಯ ರಸ್ತೆಗಳಲ್ಲಿ ಬೆಳಿಗ್ಗೆ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಓಡಾಡುತ್ತವೆ. ಅನುಕೂಲವಿದ್ದವರ ಮಕ್ಕಳು ಅವುಗಳಲ್ಲಿ ಹೋಗುತ್ತಾರೆ. ಸರಕಾರಿ ಶಾಲೆಯಲ್ಲಿ ಉಳಿದ ಮಕ್ಕಳ ಮನೆಯವರಿಗೆ ಶಾಲೆಯ ಗೇಟು ದಾಟಿ ಒಳಗೆ ಹೋಗಿ ಮಾತಾಡುವುದಕ್ಕೆ ಒಂದು ಬಗೆಯ ಅಂಜಿಕೆ. ಹೀಗೆ ಎರಡೂ ಕಡೆಯಿಂದ ಬಳಕೆ ತಪ್ಪಿತು.

ಶಾಲೆಯೊಳಗೆ ಇರುವವರನ್ನು ಒಮ್ಮೆ ನೋಡೋಣ. ಸಣ್ಣ ಪ್ರೌಢಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕರು ಪಾಠ ಮಾಡುವವರೂ ಹೌದು, ಗುಮಾಸ್ತರೂ ಹೌದು. ಹಾಜರಾತಿ, ಹಾಲಿನ ಪುಡಿಯ ಲೆಕ್ಕ, ವಿದ್ಯಾರ್ಥಿವೇತನ, ಸಮವಸ್ತ್ರ, ಇಲಾಖೆಯ ಆ್ಯಪ್‌ಗಳಿಗೆ ತುಂಬಬೇಕಾದ ಮಾಹಿತಿ, ಎಲ್ಲ ಅವರ ಮೇಜಿಗೇ ಬರುತ್ತದೆ. ಚುನಾವಣೆ, ಜನಗಣತಿ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ನಮ್ಮ ಶಿಕ್ಷಕರ ದಿನ ಯಾವುದರಲ್ಲಿ ಕಳೆಯುತ್ತಿದೆ ಎಂದು ಕೇಳುವವರು ಊರಲ್ಲಿ ಇಲ್ಲದಿದ್ದರೆ ಆ ಸೆಕ್ಷನ್ ಪುಸ್ತಕದಲ್ಲೇ ಉಳಿಯುತ್ತದೆ.

ಅತಿಥಿ ಶಿಕ್ಷಕರ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಖಾಯಂ ಹುದ್ದೆ ಖಾಲಿ ಇರುವಲ್ಲಿ ವರ್ಷಕ್ಕೊಮ್ಮೆ ನೇಮಕವಾಗುವವರು ಇವರು. ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ವಿಜ್ಞಾನ ಅಥವಾ ಇಂಗ್ಲಿಷಿನ ಪಾಠ ನಿಂತಿರುವುದೇ ಇವರ ಮೇಲೆ. ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,500 ರೂಪಾಯಿ ಇದ್ದ ಗೌರವಧನವನ್ನು 2025–26ರ ರಾಜ್ಯ ಬಜೆಟ್ 2,000 ರೂಪಾಯಿ ಹೆಚ್ಚಿಸಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ, ಮುಂದಿನ ಜೂನಿನಲ್ಲಿ ಕೆಲಸ ಉಳಿಯುತ್ತದೆಯೇ ಎಂಬ ಖಾತ್ರಿಯೂ ಇಲ್ಲ. ಬಿ.ಎಡ್. ಮಾಡಿದ ನಮ್ಮದೇ ಊರಿನ ಹೆಣ್ಣುಮಕ್ಕಳು ಈ ಸಂಬಳದಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದಾರೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇ. 94 ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲನೆಯದಾಯಿತು, 2025ರಲ್ಲಿ ದಕ್ಷಿಣ ಕನ್ನಡ ಮೊದಲು ಬಂದು ನಾವು ಎರಡನೆಯವರಾದೆವು. ಪತ್ರಿಕೆಯಲ್ಲಿ ಜಿಲ್ಲೆಯ ಹೆಸರು ಬಂದಾಗ ನಾವೆಲ್ಲ ಹಿಗ್ಗಿದೆವು. ಆ ಹಿಗ್ಗಿನಲ್ಲಿ ಈ ಶಿಕ್ಷಕರಲ್ಲಿ ಎಷ್ಟು ಜನರ ಹೆಸರು ನಮ್ಮ ಬಾಯಲ್ಲಿ ಬಂತು?

ಅಡುಗೆಯವರನ್ನಂತೂ ನಾವು ಸಿಬ್ಬಂದಿ ಎಂದು ಎಣಿಸುವುದೇ ಇಲ್ಲ. ಮಧ್ಯಾಹ್ನದ ಬಿಸಿಯೂಟ ಇವರ ಕೈಯಿಂದ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ವಾರದ ಆರೂ ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂದ ಮೇಲೆ ಮೊಟ್ಟೆ ಬೇಯಿಸಿ ಸುಲಿಯುವ ಕೆಲಸವೂ ಇವರದೇ. ಯಾವ ಮಗು ಮನೆಯಲ್ಲಿ ಏನೂ ತಿನ್ನದೆ ಬಂದಿದೆ, ಯಾವ ಮಗು ಎರಡು ದಿನದಿಂದ ಸಪ್ಪಗಿದೆ ಎಂಬುದು ಮೊದಲು ಕಣ್ಣಿಗೆ ಬೀಳುವುದು ತಟ್ಟೆಗೆ ಬಡಿಸುವವರಿಗೆ. ಅವರ ತಿಂಗಳ ಗೌರವಧನಕ್ಕೆ ಅದೇ 2025–26ರ ಬಜೆಟ್ಟಿನಲ್ಲಿ ಸಿಕ್ಕಿದ ಏರಿಕೆ 1,000 ರೂಪಾಯಿ. ಶಾಲೆಯ ವಾರ್ಷಿಕೋತ್ಸವದ ವೇದಿಕೆಗೆ ಇವರನ್ನು ಕರೆದು ಹೆಸರು ಹೇಳಿ ಕೂರಿಸುವ ಊರು ಒಳ್ಳೆಯ ಊರು ಎಂದು ನಾನು ನಂಬಿದ್ದೇನೆ.

ಇನ್ನು ಸಮಿತಿ. ಈ ಮನವಿ ಬರೆಯಲು ಮುಖ್ಯ ಕಾರಣವೇ ಅದು. ಕರ್ನಾಟಕ ಸರಕಾರ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವೆಲ್ಲ ಎಸ್‌ಡಿಎಂಸಿ ಎನ್ನುವುದನ್ನು, ಆದೇಶ ಹೊರಡಿಸಿ ಆರಂಭಿಸಿತು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೋ ಪೋಷಕರೋ ಇರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ದುರ್ಬಲ ವರ್ಗಗಳ ಹೆತ್ತವರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಅದರ ಕರ್ತವ್ಯ. ಒಂಬತ್ತು, ಹತ್ತನೇ ತರಗತಿಗಳಿಗೆ ಈ ಕಾಯ್ದೆ ತಲುಪುವುದಿಲ್ಲ, ಆದರೆ ಸರಕಾರಿ ಪ್ರೌಢಶಾಲೆಗಳಿಗೂ ಎಸ್‌ಡಿಎಂಸಿ ಇದ್ದೇ ಇದೆ. ಮುಖ್ಯ ಶಿಕ್ಷಕರು ಅದರ ಸದಸ್ಯ ಕಾರ್ಯದರ್ಶಿ. ಪ್ರಾಥಮಿಕ ಶಾಲೆಗಳಲ್ಲಿ ಬ್ಯಾಂಕ್ ಖಾತೆ ನಡೆಯುವುದು ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಜಂಟಿ ಸಹಿಯಲ್ಲಿ. ಕೂಲಿ ಮಾಡುವ ತಾಯಿಯೊಬ್ಬಳಿಗೆ ಸರಕಾರದ ಹಣದ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಇಷ್ಟು ಸುಲಭವಾಗಿ ಬೇರೆಲ್ಲಿ ಸಿಗುತ್ತದೆ?

ಹೀಗಿದ್ದೂ ಸಮಿತಿ ರಚನೆಯಾಗುವುದು ಹೇಗೆ ಎಂದು ನಮಗೆಲ್ಲ ಗೊತ್ತು. ಸಭೆಗೆ ಬಂದವರು ಬೆರಳೆಣಿಕೆಯಷ್ಟು. ಒಬ್ಬರು ಒಂದು ಹೆಸರು ಹೇಳುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆಯಾಗುತ್ತದೆ. ಮಹಿಳಾ ಸದಸ್ಯರ ಸಂಖ್ಯೆ ತುಂಬಿಸಲು ಬಾರದವರ ಹೆಸರೂ ಸೇರುತ್ತದೆ, ಸಹಿ ಪುಸ್ತಕ ಆಮೇಲೆ ಮನೆಗೆ ಹೋಗುತ್ತದೆ. ಕೆಲವು ಕಡೆ ಪಕ್ಷಗಳ ಮೇಲಾಟವೂ ನಡೆಯುತ್ತದೆ. ಪಂಚಾಯತ್ ಚುನಾವಣೆಯ ಜಗಳವನ್ನು ಶಾಲೆಯ ಅಂಗಳಕ್ಕೆ ತರುವುದು ಮಕ್ಕಳಿಗೆ ಮಾಡುವ ದ್ರೋಹ. ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಸಮಿತಿಯಲ್ಲಿ ಪ್ರಾಮಾಣಿಕವಾಗಿ ದುಡಿದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನರಿದ್ದಾರೆ, ತಮ್ಮ ಕೈಯಿಂದ ಹಣ ಹಾಕಿ ಶೌಚಾಲಯಕ್ಕೆ ನೀರಿನ ಪೈಪು ಎಳೆಸಿದವರಿದ್ದಾರೆ. ಅವರ ಕೆಲಸವೂ ಊರಿಗೆ ಗೊತ್ತಾಗದೆ ಹೋಗುತ್ತದೆ ಎಂಬುದೇ ನನ್ನ ಸಂಕಟ. ಹೆಸರೇ ಗೊತ್ತಿಲ್ಲದವರನ್ನು ಊರು ಹೊಗಳುವಂತೆಯೂ ಇಲ್ಲ, ಲೆಕ್ಕ ಕೇಳುವಂತೆಯೂ ಇಲ್ಲ.

ಸಮಿತಿ ಎಂದರೆ ಕಟ್ಟಡ, ಬಣ್ಣ, ವಾರ್ಷಿಕೋತ್ಸವದ ಶಾಮಿಯಾನ ಅಷ್ಟೇ ಎಂಬ ಭಾವನೆ ಹೋಗಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ತೋಡಿಗೆ ಬಿದ್ದು ಕೊಚ್ಚಿಹೋದಳು. ಜಿಲ್ಲೆಯೇ ಮರುಗಿತು. ಮಳೆಗಾಲದಲ್ಲಿ ವಾರಾಹಿಯ ಮತ್ತು ಅದಕ್ಕೆ ಸೇರುವ ತೋಡುಗಳ ದಂಡೆಯಲ್ಲಿ ಬದುಕುವ ನಮಗೆ ಆ ಸುದ್ದಿ ದೂರದ್ದಲ್ಲ. ನಮ್ಮ ಶಾಲೆಯ ಯಾವ ಮಗು ಯಾವ ಸಂಕ ದಾಟಿ ಬರುತ್ತದೆ ಎಂಬುದು ಸಮಿತಿಗೆ ತಿಳಿದಿರಬೇಕು. ಜೂನ್ ಬರುವ ಮೊದಲೇ ಪಂಚಾಯತಿಗೆ ಬರೆದು, ಬೆನ್ನು ಬಿಡದೆ ಕೇಳಬೇಕು. ಅಡಿಕೆ ಮರದ ಸಂಕ ಕೊಳೆತಿದೆ ಎಂದು ಮಗುವಿನ ಅಮ್ಮ ಹೇಳಬೇಕಾದದ್ದು ಯಾರಿಗೆ? ಸಮಿತಿಯ ಸದಸ್ಯರು ಯಾರೆಂದು ಗೊತ್ತಿದ್ದರೆ ಅಂದೇ ಸಂಜೆ ಹೇಳುತ್ತಾಳೆ.

ಕುಂದಾಪುರ ತಾಲೂಕಿಗೆ ಇದು ಹೊಸ ಪಾಠವೂ ಅಲ್ಲ. 1990ರ ದಶಕದಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತ್‌ಗಳು ಹುಟ್ಟಿಕೊಂಡವು. ಬೆಂಗಳೂರಿನ ದ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಕನ್ಯಾನದ 'ನಮ್ಮ ಭೂಮಿ' ಕೇಂದ್ರವನ್ನು ನೆಲೆಯಾಗಿಟ್ಟುಕೊಂಡು ದುಡಿಯುವ ಮಕ್ಕಳ ನಡುವೆ ಮಾಡಿದ ಕೆಲಸದಿಂದ ಬೆಳೆದದ್ದು ಅದು. ಮಕ್ಕಳೇ ಊರಿನ ನಕ್ಷೆ ಬರೆದರು, ಎಲ್ಲಿ ಸಂಕ ಬೇಕು, ಎಲ್ಲಿ ದಾರಿ ಬೇಕು ಎಂದು ದೊಡ್ಡವರ ಪಂಚಾಯತಿನ ಮುಂದೆ ಇಟ್ಟರು. ಇಂದು ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯ ಹಿಂದೆ ನಮ್ಮ ತಾಲೂಕಿನ ಮಕ್ಕಳ ಆ ಅನುಭವವೂ ಇದೆ. ಅಂದಿನ ಮಕ್ಕಳು ಈಗ ತಾಯಿ ತಂದೆಯರಾಗಿದ್ದಾರೆ. ನಿಮ್ಮಲ್ಲಿ ಅಂಥವರಿದ್ದರೆ, ದಯವಿಟ್ಟು ನೀವು ಮೊದಲು ಸಮಿತಿಗೆ ಬನ್ನಿ.

ಹೊರಗಿನ ಒಂದು ಮಾತು. ಅಮೆರಿಕದಲ್ಲಿ ಚಾರ್ಟರ್ ಶಾಲೆಗಳೆಂಬ ಬಗೆ ಇದೆ. 1991ರಲ್ಲಿ ಮಿನ್ನೆಸೋಟ ರಾಜ್ಯ ಮೊದಲ ಕಾನೂನು ಮಾಡಿತು. ಸರಕಾರದ ಹಣ, ಆದರೆ ತನ್ನದೇ ಆಡಳಿತ ಮಂಡಳಿ. ಅಂಥ ಪುಟ್ಟ ಪ್ರೌಢಶಾಲೆಗಳು ತಮ್ಮ ಪ್ರತಿ ಶಿಕ್ಷಕರ, ಮಂಡಳಿಯ ಪ್ರತಿ ಸದಸ್ಯರ ಹೆಸರು, ಓದು, ಹೊಣೆಗಳನ್ನು ಊರವರ ಮುಂದಿಡುವುದು ಅಲ್ಲಿ ವಾಡಿಕೆ. ಆ ಶಾಲೆಗಳ ಬಗ್ಗೆ ಅಲ್ಲೇ ಬಿಸಿ ವಾದಗಳಿವೆ, ಸರಕಾರಿ ಶಾಲೆಯನ್ನು ದುರ್ಬಲ ಮಾಡುವ ಯಾವ ದಾರಿಯೂ ನಮಗೆ ಬೇಡ. ಆದರೆ ಶಾಲೆ ನಡೆಸುವವರು ಜನರಿಗೆ ಪರಿಚಿತರಾಗಿರಬೇಕೆಂಬ ವಾಡಿಕೆ ಒಳ್ಳೆಯದು. ನಮ್ಮ ಎಸ್‌ಡಿಎಂಸಿಗೆ ಅದನ್ನು ಮಾಡಲು ಒಂದು ಬೋರ್ಡು, ಒಂದು ಡಬ್ಬಿ ಬಣ್ಣ ಸಾಕು.

ಶಾಲೆಯ ಗೇಟಿನ ಹತ್ತಿರ, ರಸ್ತೆಗೆ ಕಾಣುವಂತೆ, ಈ ವರ್ಷದ ಶಿಕ್ಷಕರ ಹೆಸರು ಮತ್ತು ವಿಷಯ, ಅತಿಥಿ ಶಿಕ್ಷಕರ ಹೆಸರು, ಅಡುಗೆಯವರ ಹೆಸರು, ಸಮಿತಿಯ ಎಲ್ಲ ಸದಸ್ಯರ ಹೆಸರು ಮತ್ತು ಅವರು ಯಾವ ಬದಿಯವರು ಎಂಬುದು ಬರೆದಿರಲಿ. ಖಾಲಿ ಹುದ್ದೆಯನ್ನು ಖಾಲಿ ಎಂದೇ ಬರೆಯಿರಿ. ಅದನ್ನು ಓದಿದವರು ಕುಂದಾಪುರದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬರೆಯಬಹುದು. ಶಿಕ್ಷಕಿಯರ ಖಾಸಗಿ ಮೊಬೈಲ್ ಸಂಖ್ಯೆ ಮಾತ್ರ ಬೋರ್ಡಿನಲ್ಲಿ ಬೇಡ, ಶಾಲೆಗೆ ಬಂದು ಭೇಟಿಯಾಗುವ ಸಮಯ ಬರೆದರೆ ಸಾಕು. ಶಾಲಾ ಪ್ರಾರಂಭೋತ್ಸವದ ದಿನ ಅತಿಥಿಗಳ ಭಾಷಣ ಎರಡು ಕಡಿಮೆಯಾಗಲಿ, ಆ ಹೊತ್ತಿನಲ್ಲಿ ಪ್ರತಿಯೊಬ್ಬ ಸಿಬ್ಬಂದಿಯೂ ಎದ್ದು ನಿಂತು ತಮ್ಮ ಹೆಸರು, ಊರು, ಕೆಲಸ ಹೇಳಲಿ. ಸಮಿತಿಯವರೂ ಹೇಳಲಿ. ಪೋಷಕರ ಸಭೆಯನ್ನು ಕೂಲಿಗೆ ಹೋಗುವ ತಾಯಂದಿರು ಬರಬಹುದಾದ ಹೊತ್ತಿಗೆ ಇಡಿ ಎಂದು ಮುಖ್ಯ ಶಿಕ್ಷಕರಲ್ಲಿ ಕೇಳಿಕೊಳ್ಳೋಣ. ಅರ್ಧ ದಿನದ ಸಂಬಳ ಬಿಟ್ಟು ಬನ್ನಿ ಎನ್ನುವುದು ನ್ಯಾಯವಲ್ಲ. ಅಪ್ಪ ಅಮ್ಮ ಊರಲ್ಲಿಲ್ಲದ ಮಕ್ಕಳ ಅಜ್ಜಿಯರು ಪೋಷಕರ ಲೆಕ್ಕದಲ್ಲೇ ಬರುತ್ತಾರೆ, ಅವರಿಗೂ ಕುರ್ಚಿ ಹಾಕಬೇಕು.

ಬೆಂಗಳೂರು, ಮುಂಬಯಿಗಳಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಕಳಿಸುವ ಪುಸ್ತಕ, ಬೆಂಚು, ಸ್ಮಾರ್ಟ್ ಕ್ಲಾಸಿನ ಟಿವಿ ಎಲ್ಲಕ್ಕೂ ಊರು ಋಣಿ. ಮುಂದಿನ ಬಾರಿ ಕೊಡುಗೆ ಕೊಡುವ ಮೊದಲು ಸಮಿತಿಯವರೊಡನೆ ಮಾತಾಡಿ, ಏನು ಬೇಕೆಂದು ಕೇಳಿ. ವಿಜ್ಞಾನ ಶಿಕ್ಷಕರಿಲ್ಲದ ಶಾಲೆಗೆ ಇನ್ನೊಂದು ಟಿವಿಯಿಂದ ಉಪಯೋಗವಿಲ್ಲ.

ಸಭೆಯ ಚೀಟಿ ಮಗುವಿನ ಚೀಲದಲ್ಲಿ ಬಂದಾಗ ಮನೆಯಿಂದ ಒಬ್ಬರಾದರೂ ಹೋಗಿ. ಹೋದವರು ಸಮಿತಿಯ ಸದಸ್ಯರ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ, ಶಾಲೆಯ ಅಭಿವೃದ್ಧಿ ಯೋಜನೆಯನ್ನು ತೋರಿಸಿ ಎನ್ನಿ. ನಿಮ್ಮ ಶಾಲೆಯ ಸಮಿತಿಯ ಅವಧಿ ಮುಗಿದಿದ್ದರೆ ಹೊಸದಾಗಿ ರಚಿಸಲು ಲಿಖಿತವಾಗಿ ಕೇಳಿ. ಅರ್ಧದಷ್ಟು ಸ್ಥಾನ ಹೆಂಗಸರದ್ದು: ತಾಯಂದಿರೇ, ನಿಮ್ಮ ಹೆಸರನ್ನು ಬೇರೆಯವರು ಹೇಳುವವರೆಗೆ ಕಾಯಬೇಡಿ, ನೀವೇ ಕೊಡಿ.