ಬಾಟಲಿ ಮೇಲೆ ಕೆಲ್ಪ್ ಚಿತ್ರ, ಒಳಗೆ ಯಾವ ಪಾಚಿ?

‘ಸೀವೀಡ್’ ಅಂತ ಬರೆದ ಬಾಟಲಿಗಳೆಲ್ಲ ಒಂದೇ ಅಲ್ಲ. ಲೇಬಲ್ ಮೇಲೆ ಪಾಚಿಯ ಹೆಸರಿಲ್ಲದಿದ್ದರೆ ಅದನ್ನು ಕೊಳ್ಳಬೇಡಿ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಜೆ.ಪಿ. ನಗರದ ನರ್ಸರಿ ಅಂಗಡಿಗಳಲ್ಲಿ ತಾರಸಿ ತೋಟದವರಿಗೂ ಇದನ್ನೇ ಮಾರ್ತಾರೆ, ಹಳ್ಳಿಯ ಗೊಬ್ಬರದಂಗಡಿಯಲ್ಲೂ ಇದೇ. ಎಷ್ಟೋ ಬಾಟಲಿಗಳ ಮೇಲೆ ಉದ್ದನೆಯ ಕಂದು ಕೆಲ್ಪ್ ಚಿತ್ರ. ಆದರೆ ದೈತ್ಯ ಕೆಲ್ಪ್ ತಣ್ಣೀರಿನ ಕಡಲಲ್ಲಿ ಬೆಳೆಯೋದು. ನಮ್ಮ ಬೆಚ್ಚಗಿನ ಕರಾವಳಿಯಲ್ಲಿ ಅದು ಇಲ್ಲ. ಕಾರವಾರದ ಬಂಡೆಗಳ ಮೇಲೆ ಸಿಗುವ ಕಂದು ಪಾಚಿ ಸರ್ಗಾಸಮ್, ಅದು ಕೆಲ್ಪ್ ಅಲ್ಲ.

ಗುರುತು ಹಿಡಿಯೋದು ಕಷ್ಟವಲ್ಲ, ಗಾಳಿಬುರುಡೆ ನೋಡಿ:

• ಮ್ಯಾಕ್ರೋಸಿಸ್ಟಿಸ್ (ದೈತ್ಯ ಕೆಲ್ಪ್): ಪ್ರತಿ ಎಲೆಯ ಬುಡದಲ್ಲೂ ಒಂದು ಬುರುಡೆ. 45 ಮೀಟರ್ ದಾಟಿ ಬೆಳೆಯಬಲ್ಲದು. ಕ್ಯಾಲಿಫೋರ್ನಿಯಾ, ಚಿಲಿ ಕರಾವಳಿಯದು.
• ನೀರಿಯೋಸಿಸ್ಟಿಸ್ (ಬುಲ್ ಕೆಲ್ಪ್): ಉದ್ದ ಕಾಂಡ, ತುದಿಯಲ್ಲಿ ಒಂದೇ ದೊಡ್ಡ ಬುರುಡೆ, ಅದರ ಮೇಲೆ ಎಲೆಗಳ ಗೊಂಚಲು.
• ಎಕ್ಲೋನಿಯಾ ಮ್ಯಾಕ್ಸಿಮಾ: ದಕ್ಷಿಣ ಆಫ್ರಿಕಾದ್ದು. ಟೊಳ್ಳು ಕಾಂಡವೇ ಇದನ್ನು ತೇಲಿಸುತ್ತೆ.
• ಆಸ್ಕೋಫಿಲಮ್: ಪಟ್ಟಿಯಂಥ ಕವಲುಗಳ ಉದ್ದಕ್ಕೂ ಮೊಟ್ಟೆಯಾಕಾರದ ಬುರುಡೆಗಳು. ಕೆನಡಾ, ನಾರ್ವೆ, ಐರ್ಲೆಂಡ್‌ನದು. ಕೆಲ್ಪ್ ಅಂತ ಮಾರಿದರೂ ನಿಜವಾದ ಕೆಲ್ಪ್ ಅಲ್ಲ.

ನಮ್ಮ ದೇಶದಲ್ಲೇ ಬೆಳೆಸೋದು ಬಹುಪಾಲು ಕಪ್ಪಾಫೈಕಸ್ ಎಂಬ ಕೆಂಪು ಪಾಚಿ. ತಮಿಳುನಾಡಿನ ರಾಮನಾಥಪುರದ ಕಡೆ ಬಿದಿರಿನ ತೆಪ್ಪಕ್ಕೆ ಕಟ್ಟಿ ಬೆಳೆಸ್ತಾರೆ. ಅದರ ರಸದಲ್ಲಿ ಪೊಟ್ಯಾಷ್ ಚೆನ್ನಾಗಿದೆ. ಅದು ಕೀಳೂ ಅಲ್ಲ, ಕಲಬೆರಕೆಯೂ ಅಲ್ಲ. ಆದರೆ ಕೆಲ್ಪ್ ಚಿತ್ರ ಹಾಕಿ, ಆಮದು ಮಾಲಿನ ಬೆಲೆಗೆ ಮಾರಿದರೆ ಅದು ಮೋಸ.

ಹೆಸರು ಯಾಕೆ ಮುಖ್ಯ? ಪಾಚಿ ಬದಲಾದರೆ ಒಳಗಿನ ಅಂಶವೂ ಬದಲಾಗುತ್ತೆ. ತಯಾರಿಸುವ ರೀತಿಯೂ ಅಷ್ಟೇ ಮುಖ್ಯ. ಆಸ್ಕೋಫಿಲಮ್ ಸಾರ ತೆಗೆಯಲು ಸಾಮಾನ್ಯವಾಗಿ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಬಳಸ್ತಾರೆ. ಆಗ ಲೇಬಲ್‌ನಲ್ಲಿ ಕಾಣೋ ಪೊಟ್ಯಾಷ್ ಪೂರ್ತಿ ಪಾಚಿಯದ್ದಲ್ಲ. ಸಾವಯವ ಪ್ರಮಾಣಪತ್ರ ಇರೋರು ಇದನ್ನು ಕೇಳಲೇಬೇಕು.

2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಕಡಲ ಪಾಚಿ ಸಾರವನ್ನೂ ಜೈವಿಕ ಉತ್ತೇಜಕಗಳ ಸಾಲಿಗೆ ಸೇರಿಸಿತು. ಉತ್ತೇಜಕ ಅಂದರೆ ಗೊಬ್ಬರವಲ್ಲ. ಕೊಟ್ಟಿಗೆ ಗೊಬ್ಬರ ಬಿಟ್ಟು ಇದನ್ನೇ ನಂಬಿದರೆ ಬೆಳೆ ಸೊರಗುತ್ತೆ.

ಮುಂದಿನ ಸಲ ಅಂಗಡಿಗೆ ಹೋದಾಗ ಲೇಬಲ್ ಫೋಟೋ ತೆಗೆಯಿರಿ, ಪಾಚಿಯ ಹೆಸರನ್ನು ಫೋನಲ್ಲೇ ಹುಡುಕಿ, ಬಿಲ್ ಇಟ್ಟುಕೊಳ್ಳಿ. ಹೊಲದಲ್ಲಿ ಎರಡು ಸಾಲಿಗೆ ಬರೀ ನೀರು ಸಿಂಪಡಿಸಿ, ಉಳಿದದ್ದಕ್ಕೆ ಸಾರ ಕೊಡಿ, ಇಳುವರಿ ತೂಗಿ. ವ್ಯತ್ಯಾಸ ಕಾಣದಿದ್ದರೆ ಆ ದುಡ್ಡನ್ನು ಎರೆಗೊಬ್ಬರಕ್ಕೆ ಹಾಕಿ.