ಬೆನ್ನಿನ ಚೀಲಕ್ಕೆ ನಾಚುವುದೇಕೆ?

ಹೋದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಸದಸ್ಯರ ವಿದೇಶ ಪ್ರವಾಸದ ಮಾತು ಬಂತು. ಮಲೇಶಿಯಾಕ್ಕೆ ಆರು ದಿನ, ಹವಾನಿಯಂತ್ರಿತ ಬಸ್ಸು, ಜತೆಗೆ ನಮ್ಮವರೇ ಆದ ಅಡುಗೆ ಭಟ್ಟರು, ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಸಾರು-ಅನ್ನ ಎಂದು ಪ್ರವಾಸ ಸಂಸ್ಥೆಯೊಂದು ಕೊಟ್ಟಿದ್ದ ಬಣ್ಣದ ಕಾಗದವನ್ನು ಓದಿ ಹೇಳಲಾಯಿತು. ಚಪ್ಪಾಳೆ ಬಿತ್ತು. ಅಷ್ಟಕ್ಕೆ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ಹಿರಿಯರೊಬ್ಬರು ಎದ್ದು ನಿಂತು, “ಹೋಗುವುದಾದರೆ ಹೀಗೆ ಮರ್ಯಾದಸ್ಥರ ಹಾಗೆ ಹೋಗಿ ಬರಬೇಕು. ಈಗಿನ ಕೆಲವು ಹುಡುಗಿಯರಂತೆ ಬೆನ್ನಿಗೆ ಚೀಲ ಕಟ್ಟಿಕೊಂಡು ಭಿಕ್ಷುಕರ ಹಾಗೆ ಅಲೆಯುವುದಲ್ಲ” ಎಂದರು. ಸಭೆ ನಕ್ಕಿತು. ಅವರು ಯಾರನ್ನು ಕುರಿತು ಹೇಳಿದರೆಂಬುದು ಅಲ್ಲಿದ್ದ ಅರ್ಧ ಮಂದಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆಕೆ ನನ್ನ ತಮ್ಮನ ಮಗಳು.

ನಾನು ಅಂದು ಎದ್ದು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ನನ್ನ ಹೆಂಡತಿ, “ಬಾಯಿಗೆ ಬೀಗ ಹಾಕಿಕೊಂಡು ಹೋಗಿದ್ದಿರಾ?” ಎಂದು ಕೇಳಿದಳು. ಆ ಬೀಗ ತೆಗೆಯಲು ಈ ಪುಟಗಳನ್ನು ಬಳಸುತ್ತಿದ್ದೇನೆ. ಸಂಪಾದಕರೂ ಓದುಗರೂ ಕ್ಷಮಿಸಬೇಕು.

ನಡೆದದ್ದು ಇಷ್ಟು. 2023ರ ಡಿಸೆಂಬರ್ 1ರಿಂದ ಮಲೇಶಿಯಾ ಸರಕಾರ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಬರಲು ಬಾಗಿಲು ತೆರೆಯಿತು. ಆ ತಿಂಗಳೇ ಹುಡುಗಿ ತನ್ನ ಸಂಬಳದ ದುಡ್ಡಿನಲ್ಲಿ, ಏಳು ಕಿಲೋ ತೂಕದ ಒಂದೇ ಚೀಲ ಹೊತ್ತು, ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ಎಂಬ ಕಡಲ ಪಟ್ಟಣದಲ್ಲಿ ಒಂಬತ್ತು ದಿನ ಇದ್ದು ಬಂದಳು. ಒಬ್ಬಳೇ ಹೋದಳು. ಬಂದ ಮೇಲೆ ಮುಕ್ಕಾಲು ಕೂಡಿಬಂದಿದ್ದ ಒಂದು ಸಂಬಂಧ ಮುರಿಯಿತು. ಗಂಡಿನ ಕಡೆಯವರು ಕಾರಣವನ್ನು ಮುಚ್ಚಿಡಲಿಲ್ಲ. ಛತ್ರದಂಥ ಜಾಗದಲ್ಲಿ ಗುರುತು ಪರಿಚಯ ಇಲ್ಲದವರ ಜತೆ ಮಲಗೆದ್ದು ಬಂದ ಹುಡುಗಿ ಎಂದರು. ನನ್ನ ತಮ್ಮ ಎರಡು ದಿನ ಊಟ ಬಿಟ್ಟ. ನಾನೂ ಆಕೆಯನ್ನು ಕೂರಿಸಿಕೊಂಡು ಬೈದವನೇ. ಆಕೆ ಅಳಲಿಲ್ಲ. “ದೊಡ್ಡಪ್ಪ, ನೀವೂ ದೊಡ್ಡಮ್ಮನೂ ಒಂದು ಸಲ ನನ್ನ ಜತೆ ಬನ್ನಿ. ನೋಡಿದ ಮೇಲೆ ಬೈಯಿರಿ, ಕೇಳುತ್ತೇನೆ” ಎಂದಳು. 2024ರ ಮಾರ್ಚಿನಲ್ಲಿ ನಾವಿಬ್ಬರೂ ಆಕೆಯ ಹಿಂದೆ ಹೊರಟೆವು. ನನಗೆ ಆಗ ಅರುವತ್ತನಾಲ್ಕು. ಚೀಲ ಹೊತ್ತ ನನ್ನನ್ನು ನೋಡಿ ಕಟ್ಟಡದ ಕಾವಲುಗಾರ, “ಸಾಹೇಬರು ಶಾಲೆಗೆ ಹೊರಟಿರಾ?” ಎಂದು ನಕ್ಕ. ಶಾಲೆಗೇ ಹೊರಟಿದ್ದೆನೆಂದು ಆಮೇಲೆ ತಿಳಿಯಿತು.

ಈಗ ಆ ಹಿರಿಯರಿಗೆ ಒಂದು ಪ್ರಶ್ನೆ. ಸ್ವಾಮಿ, ನಾವೆಲ್ಲ ಈ ಮುಂಬಯಿಗೆ ಬಂದದ್ದು ಹೇಗೆ? ನಾನು ಬಂದದ್ದು 1978ರಲ್ಲಿ. ಕೊಂಕಣ ರೈಲು ಆಗ ಇನ್ನೂ ಇಪ್ಪತ್ತು ವರ್ಷ ದೂರವಿತ್ತು. ಒಂದು ತಗಡಿನ ಟ್ರಂಕು, ಒಂದು ಹೋಲ್ಡಾಲು, ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯ ಗಂಟು. ಬಸ್ಸಿನಿಂದ ಇಳಿದು ಹೋಲ್ಡಾಲನ್ನು ಬೆನ್ನಿಗೇರಿಸಿಕೊಂಡೇ ವಿಳಾಸ ಹುಡುಕಿದ್ದು. ಸಿಕ್ಕ ಕೋಣೆಯಲ್ಲಿ ಹನ್ನೊಂದು ಮಂದಿ ಇದ್ದೆವು. ರಾತ್ರಿ ಪಾಳಿಯವನು ಎದ್ದ ಚಾಪೆಯ ಮೇಲೆ ಹಗಲು ಪಾಳಿಯವನು ಮಲಗುತ್ತಿದ್ದ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿದವರು ಈ ಸಂಘದಲ್ಲಿ ಎಷ್ಟು ಮಂದಿ ಇಲ್ಲ? ಗುರುತು ಪರಿಚಯ ಇಲ್ಲದವರ ಜತೆ ಮಲಗೆದ್ದವರ ಮಕ್ಕಳಿಗೆ, ಅದೇ ಕಾರಣಕ್ಕೆ ಸಂಬಂಧ ಮುರಿಯುವಷ್ಟು ನಾವು ಯಾವಾಗ ಬೆಳೆದೆವು? ಬೆನ್ನಿನ ಚೀಲವನ್ನು ಕಂಡರೆ ನಮಗೆ ಗೋಕರ್ಣದ ಓಂ ಕಡಲತೀರದ ಜಡೆಗಟ್ಟಿದ ಹಿಪ್ಪಿಗಳು ಮಾತ್ರ ನೆನಪಾಗುತ್ತಾರೆ, ನಮ್ಮ ಹೋಲ್ಡಾಲು ನೆನಪಾಗುವುದಿಲ್ಲ.

ಇನ್ನು ಆ ಊರಿನ ಮಾತು. ಕ್ವಾಲಾಲಂಪುರದಿಂದ ರೈಲಿನಲ್ಲಿ ಬಟರ್‌ವರ್ತಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಕಡಲು ದಾಟಿದರೆ ಜಾರ್ಜ್‌ಟೌನ್. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಎಂಬವನು 1786ರಲ್ಲಿ ದ್ವೀಪವನ್ನು ವಶಪಡಿಸಿಕೊಂಡು ಕಟ್ಟಿಸಿದ ಬಂದರು ಇದು. ಕಟ್ಟಿಸಿದವನು ಅವನಾದರೂ ಕಟ್ಟಿದವರು ಹೊರೆ ಹೊತ್ತು ಬಂದವರು: ಚೀನಾದ ಕೂಲಿಗಳು, ತಮಿಳು ಕರಾವಳಿಯ ಮುಸಲ್ಮಾನ ವ್ಯಾಪಾರಿಗಳು, ಚೆಟ್ಟಿಯಾರರು, ಸುಮಾತ್ರಾದ ಮಲಯರು. ಆ ಊರಿನ ಹೆಸರುವಾಸಿ ಊಟಕ್ಕೆ ನಾಸಿ ಕಂದಾರ್ ಎನ್ನುತ್ತಾರೆ. ನಾಸಿ ಎಂದರೆ ಅನ್ನ, ಕಂದಾರ್ ಎಂದರೆ ಹೆಗಲ ಮೇಲಿನ ಕಾವಡಿ. ತಮಿಳು ಮುಸಲ್ಮಾನರು ಕಾವಡಿಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ತೂಗಿಕೊಂಡು ಬಂದರಿನ ಕೂಲಿಗಳಿಗೆ ಮಾರುತ್ತಿದ್ದ ಊಟ ಅದು. ಹೆಗಲ ಮೇಲಿನ ಹೊರೆಯನ್ನು ತನ್ನ ಊಟದ ಹೆಸರಾಗಿ ಉಳಿಸಿಕೊಂಡ ಊರಿಗೆ ಚೀಲ ಹೊತ್ತು ಹೋಗುವುದು ಅಮರ್ಯಾದೆಯೇ?

ಹತ್ತು ಹದಿನೈದು ನಿಮಿಷದ ನಡಿಗೆಯೊಳಗೆ ಅಲ್ಲಿ 1818ರ ಸೇಂಟ್ ಜಾರ್ಜ್ ಇಗರ್ಜಿ, ಚೀಣಿಯರ ಕರುಣಾದೇವಿ ಗ್ವಾನ್ ಯಿನ್‌ಳ ಗುಡಿ, 1833ರ ಮಾರಿಯಮ್ಮನ ದೇವಸ್ಥಾನ, 1801ರಲ್ಲಿ ತಮಿಳು ಮುಸಲ್ಮಾನರು ಸ್ಥಾಪಿಸಿದ ಕಪಿತಾನ್ ಕೆಲಿಂಗ್ ಮಸೀದಿ. ಹಳೆಯ ಅಂಗಡಿಮನೆಗಳ ಮುಂದೆ ಐದಡಿ ಅಗಲದ ಮಾಡು ಹಾಕಿದ ಜಗಲಿ ಒಂದರಿಂದ ಒಂದಕ್ಕೆ ಕೂಡಿಕೊಂಡು ಹೋಗುತ್ತದೆ. ಕಾಕಿ ಲಿಮಾ, ಐದಡಿ, ಎಂದೇ ಅದರ ಹೆಸರು. ಭೂಮಧ್ಯರೇಖೆಗೆ ಬರೀ ಐದು ಡಿಗ್ರಿ ಉತ್ತರದ ಊರು. ಬಿಸಿಲು ನಮ್ಮ ಮೇ ತಿಂಗಳ ಮಂಗಳೂರನ್ನು ನೆನಪಿಸುತ್ತದೆ. ಮಳೆ ಬಂದರೆ ಹೇಳಿ ಕೇಳಿ ಬರುವುದಿಲ್ಲ. ಆ ಜಗಲಿಯ ಬೆಲೆ ನಡೆಯುವವನಿಗೆ ಗೊತ್ತು. ಬಸ್ಸಿನ ಕಿಟಕಿಯಲ್ಲಿ ಕುಳಿತವನಿಗೆ ಅದು ಕಾಣುವುದೂ ಇಲ್ಲ.

ಬಸ್ಸಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕಡಲೊಳಗೆ ಕಂಬ ನೆಟ್ಟು, ಹಲಗೆ ಹಾಸಿ ಕಟ್ಟಿಕೊಂಡ ಚೀಣೀ ಕುಲಗಳ ಕೇರಿಗಳಿವೆ. ಹಡಗಿನ ಸರಕನ್ನು ದೋಣಿಯಲ್ಲಿ ಸಾಗಿಸುತ್ತಿದ್ದವರ ಮನೆಗಳು ಅವು. ಚ್ಯೂ ಕುಲದವರ ಕೇರಿಯ ಹಲಗೆಯ ಮೇಲೆ ನಾವು ಕುಳಿತಿದ್ದಾಗ ದೊಡ್ಡ ಬಸ್ಸೊಂದು ಬಂದು ನಿಂತಿತು. ಇಳಿದವರಲ್ಲಿ ಕನ್ನಡ ಕೇಳಿಸಿತು. ಧ್ವಜ ಹಿಡಿದ ಮಾರ್ಗದರ್ಶಿ, “ಇಪ್ಪತ್ತು ನಿಮಿಷ” ಎಂದ. ಅವರು ಹಲಗೆಯ ತುದಿಗೆ ಹೋದರು, ಚಿತ್ರ ತೆಗೆದುಕೊಂಡರು, ತೆರೆದ ಬಾಗಿಲಿನೊಳಗೆ ಊಟ ಮಾಡುತ್ತಿದ್ದ ಮುದುಕಿಯೊಬ್ಬಳ ಚಿತ್ರವನ್ನೂ ಕೇಳದೆ ತೆಗೆದುಕೊಂಡರು. ಬಸ್ಸಿನಲ್ಲೇ ಚಹಾ ಇದ್ದುದರಿಂದ ಅಲ್ಲಿಯ ಅಂಗಡಿಯಲ್ಲಿ ಒಂದು ಎಳನೀರನ್ನೂ ಕೊಳ್ಳಲಿಲ್ಲ. ಬೆವರು ಒರೆಸುತ್ತ ನಿಂತಿದ್ದ ತಾಯಿಯೊಬ್ಬರು ನನ್ನ ಹೆಂಡತಿಯ ಮಾತು ಕೇಳಿ ಹತ್ತಿರ ಬಂದು, “ನೀವು ಇಲ್ಲಿಯವರಾ?” ಎಂದು ಕೇಳಿದರು. ಅಲ್ಲ, ಮುಂಬಯಿಯವರು ಎಂದೆವು. “ಮತ್ತೆ ಇಷ್ಟು ಆರಾಮವಾಗಿ ಕೂತಿದ್ದೀರಲ್ಲ!” ಎಂದರು. ಅವರ ಧ್ವನಿಯಲ್ಲಿ ಆಸೆ ಇತ್ತು. ಅಷ್ಟರಲ್ಲಿ ಧ್ವಜ ಮೇಲೆದ್ದಿತು.

ಆ ತಾಯಿಯನ್ನು ನಾನು ಹಳಿಯುತ್ತಿಲ್ಲ. ಹಣ ಕೊಟ್ಟು, ಸಾವಿರಾರು ಮೈಲಿ ಹಾರಿ, ಮುಂಬಯಿಯ ತಮ್ಮ ಮನೆಯನ್ನೇ ಚಕ್ರದ ಮೇಲೆ ಕಟ್ಟಿಕೊಂಡು ತಿರುಗುವಂತೆ ಮಾಡಿದ ವ್ಯವಸ್ಥೆಯನ್ನು ಹಳಿಯುತ್ತೇನೆ. ಅದಕ್ಕೆ ಮರ್ಯಾದೆಯ ಹೆಸರು ಕೊಟ್ಟವರನ್ನು ಹಳಿಯುತ್ತೇನೆ.

ಊಟದ ಗತಿಯೇನು ಎನ್ನುತ್ತೀರಿ. ನಾನು ಹುಟ್ಟು ಸಸ್ಯಾಹಾರಿ, ಹತ್ತು ದಿನವೂ ಹಾಗೆಯೇ ಇದ್ದೆ. ಪುಟ್ಟ ಇಂಡಿಯಾ ಎಂದು ಕರೆಯುವ ಬೀದಿಗಳಲ್ಲಿ ಬಾಳೆಯೆಲೆಯ ಊಟ ಇದೆ. ಚೀಣೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಿವೆ; ಅವುಗಳಲ್ಲಿ ಅನೇಕ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ಅವರ ಪಂಚಾಂಗದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಬಿಡುವ ಚೀಣಿಯರು ಬಹಳ. ನಮ್ಮ ಏಕಾದಶಿಯ ಬಗ್ಗೆ ನನ್ನ ಹೆಂಡತಿ ಹೇಳಿದಾಗ ಅಂಗಡಿಯ ಅಜ್ಜಿ ತಲೆಯಾಡಿಸಿ, ಇನ್ನೊಂದು ಸೌಟು ಹುರುಳಿಕಾಯಿ ಬಡಿಸಿದಳು. ಭಟ್ಟರ ಉಪ್ಪಿಟ್ಟು ತಿನ್ನುತ್ತ ಬಸ್ಸಿನಲ್ಲಿದ್ದರೆ ಈ ಸೌಟು ಬೀಳುತ್ತಿತ್ತೇ?

ಹೆಣ್ಣುಮಕ್ಕಳ ಕ್ಷೇಮದ ಮಾತು. ಅದು ಸಣ್ಣ ಮಾತಲ್ಲ, ಒಪ್ಪಿದೆ. ನಾವು ಉಳಿದದ್ದು ಲವ್ ಲೇನ್ ಬಳಿಯ ಹಳೆಯ ಅಂಗಡಿಮನೆಯಲ್ಲಿ. ರೈಲಿನ ಬರ್ತಿನಂತೆ ಮೇಲೊಂದು ಕೆಳಗೊಂದು ಮಂಚ, ಹಾಸಿಗೆಗೆ ದಿನಕ್ಕೆ 40 ರಿಂಗಿಟ್, ರಿಂಗಿಟ್ಟಿಗೆ ಆಗ ಸುಮಾರು 18 ರೂಪಾಯಿ. ಹೆಂಗಸರಿಗೆ ಬೇರೆ ಕೋಣೆ, ಬೇರೆ ಚಿಲಕ, ಸಾಮಾನಿಗೆ ನಮ್ಮದೇ ಬೀಗ. ಮೇಲಿನ ಮಂಚದ ಪೋಲೆಂಡಿನ ಹುಡುಗಿಗೆ ಜ್ವರ ಬಂದಾಗ ನನ್ನ ಹೆಂಡತಿ ಅಲ್ಲಿಯ ಅಡುಗೆಮನೆಯಲ್ಲಿ ಕಾಳುಮೆಣಸಿನ ಕಷಾಯ ಕಾಯಿಸಿಕೊಟ್ಟಳು. ಮರುದಿನ ಆ ಹುಡುಗಿಯ ತಾಯಿ ಫೋನಿನ ಪರದೆಯಲ್ಲಿ ಬಂದು ಕೈಮುಗಿದಳು. ಬೈಕಿನ ಮೇಲೆ ಬಂದು ಕೈಚೀಲ ಕಿತ್ತುಕೊಳ್ಳುವ ಕಳ್ಳರು ಆ ದೇಶದಲ್ಲೂ ಇದ್ದಾರೆ. ಅದಕ್ಕೇ ಚೀಲವನ್ನು ರಸ್ತೆಯ ಕಡೆಗೆ ತೂಗಬಾರದೆಂದು ನನಗೆ ಮೊದಲ ದಿನವೇ ಪಾಠವಾಯಿತು. ಪಾಠ ಹೇಳಿದವಳು ನಾವು ಭಿಕ್ಷುಕಿ ಎಂದು ನಕ್ಕ ಅದೇ ಹುಡುಗಿ. ರಾತ್ರಿ ಹತ್ತರ ವಿರಾರ್ ಲೋಕಲಿನಲ್ಲಿ ದಿನವೂ ಮನೆಗೆ ಬರುವವಳಿಗೆ ಪೆನಾಂಗಿನಲ್ಲಿ ಮಾತ್ರ ಮಾನಕ್ಕೆ ಅಪಾಯ ಎಂದು ಯಾವ ಬಾಯಿಂದ ಹೇಳುತ್ತೇವೆ?

ಇಷ್ಟು ಹೇಳಿದ ಮೇಲೆ ಚೀಲದವರ ಪರವಾಗಿ ಮಾತ್ರ ವಾದಿಸಿದರೆ ಅನ್ಯಾಯವಾದೀತು. ಮಲಯ ಭಾಷೆಯಲ್ಲಿ ‘ದೋಸ’ ಎಂದರೆ ಪಾಪ. ನಮ್ಮ ಸಂಸ್ಕೃತದ ದೋಷವೇ ಅದು. ತಿನ್ನುವ ದೋಸೆಗೆ ಅಲ್ಲಿ ‘ತೋಸೈ’ ಎನ್ನಬೇಕು. ಚೀಲ ಹೊತ್ತವರಲ್ಲೂ ಈ ದೋಸ ಇದೆ. ಅಗ್ಗದ ಊರು ಎಂದೇ ಊರನ್ನು ಅಳೆಯುವುದು ಅದರಲ್ಲಿ ಮೊದಲನೆಯದು. ಬೀದಿಯ ಬಂಡಿಯವನ ಹತ್ತಿರ ಒಂದು ರಿಂಗಿಟ್ಟಿಗೆ ಚೌಕಾಸಿ ಮಾಡಿ, ಅದರ ಹತ್ತರಷ್ಟನ್ನು ಸಂಜೆ ಬಿಯರಿಗೆ ಸುರಿದವರನ್ನು ಕಣ್ಣಾರೆ ಕಂಡೆ. ಅರ್ಮೇನಿಯನ್ ಬೀದಿಯ ಗೋಡೆಗೆ ನಿಜವಾದ ಸೈಕಲ್ಲೊಂದನ್ನು ಜೋಡಿಸಿ, ಅದರ ಮೇಲೆ ಇಬ್ಬರು ಮಕ್ಕಳಿರುವಂತೆ ಅರ್ನೆಸ್ಟ್ ಜಕರೆವಿಚ್ ಎಂಬ ಕಲಾವಿದ 2012ರಲ್ಲಿ ಬರೆದ ಚಿತ್ರವಿದೆ. ಅದರ ಮುಂದೆ ಬಸ್ಸಿನವರೂ ಚೀಲದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಗೋಡೆಯ ಹಿಂದೆ ಯಾರಿದ್ದರೆಂದು ಕೇಳುವವರು ಕಡಿಮೆ.

ಕೇಳಬೇಕು. ಮುಂಬಯಿಯ ನಾವಂತೂ ಕೇಳಲೇಬೇಕು. ನಮ್ಮ ಪಗಡಿ ಮನೆಗಳಂತೆ ಅಲ್ಲೂ ಹಳೆಯ ಕಟ್ಟಡಗಳಿಗೆ ಬಾಡಿಗೆ ನಿಯಂತ್ರಣ ಇತ್ತು. ಬಡಗಿ, ತಗಡು ಕೆಲಸದವನು, ಧೂಪ ಹೊಸೆಯುವವನು, ಎಲ್ಲರೂ ಅಲ್ಪ ಬಾಡಿಗೆಯಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ ಇಟ್ಟುಕೊಂಡಿದ್ದರು. 2000ದ ಜನವರಿ 1ರಿಂದ ಆ ನಿಯಂತ್ರಣ ಹೋಯಿತು. ಬಾಡಿಗೆ ಏರಿತು, ಬಹಳ ಮಂದಿ ಊರ ನಡುವಿನಿಂದ ಹೊರಬಿದ್ದರು. 2008ರಲ್ಲಿ ಯುನೆಸ್ಕೋ ಜಾರ್ಜ್‌ಟೌನನ್ನು ಮೆಲಕಾ ಊರಿನ ಜತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಗಳು ಉಳಿದವು; ಎಷ್ಟೋ ಗೋಡೆಗಳೊಳಗಿನ ಸಂಸಾರಗಳು ಉಳಿಯಲಿಲ್ಲ. ಅಲ್ಲಿ ಈಗ ಕಾಫಿಯಂಗಡಿಗಳು, ಹೋಟೆಲುಗಳು, ನಾವು ಮಲಗಿದಂಥ ವಸತಿಗಳು. ನನ್ನ ಮಂಚ ಇದ್ದ ಜಾಗದಲ್ಲಿ ಒಂದು ಕಾಲಕ್ಕೆ ಯಾರದೋ ಒಲೆ ಉರಿದಿರಬಹುದು. ಗಿರಣಿಗಳು ನಿಂತ ನೆಲದಲ್ಲಿ ಮಹಲುಗಳು ಎದ್ದದ್ದನ್ನು ಕಂಡ ಪರೇಲಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹೋಗುವುದೇ ಬೇಡವೇ? ಹೋಗಬೇಕು, ಆದರೆ ಸಾಲಗಾರನ ಹಾಗೆ ಹೋಗಬೇಕು. ಪರವೂರಿನ ಅನ್ನ ತಿಂದು ಬೆಳೆದ ನಮಗೆ ಇದು ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು? ಕಂಪನಿಯ ಹೋಟೆಲಿಗಿಂತ ಆ ಊರಿನವರೇ ನಡೆಸುವ ಮನೆಯಲ್ಲಿ ಉಳಿಯಬೇಕು. ಬಂಡಿಯವನು ಹೇಳಿದ ಬೆಲೆ ಕೊಡಬೇಕು. ಬಾಗಿಲು ತೆರೆದಿದೆಯೆಂದು ಒಳಗಿನ ಮುದುಕಿಯ ಚಿತ್ರ ತೆಗೆಯಬಾರದು. ದಾದರಿನ ನಮ್ಮ ಚಾಳಿನ ಬಾಗಿಲಲ್ಲಿ ಯಾರಾದರೂ ಹಾಗೆ ತೆಗೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಆ ಜನರ ಭಾಷೆಯಲ್ಲಿ ಹತ್ತು ಮಾತನ್ನಾದರೂ ಕಲಿಯಬೇಕು. ಮರಾಠಿ ಕಲಿತು ಬದುಕಿದ ನಮಗೆ ಅದೇನು ಕಷ್ಟ?

ಸಮಿತಿಯವರಲ್ಲಿ ನನ್ನ ಬಿನ್ನಹ ಇಷ್ಟೆ. ಮಂಡಿ ನೋವಿನವರಿಗೆ, ಹೃದಯದ ಕಾಯಿಲೆಯವರಿಗೆ, ಎಂಬತ್ತು ದಾಟಿದವರಿಗೆ ಬಸ್ಸು ಇರಲಿ, ಭಟ್ಟರೂ ಇರಲಿ. ಅವರು ನಡೆದದ್ದು ಸಾಕು. ಉಳಿದವರಿಗಾಗಿ ಹತ್ತು ಹನ್ನೆರಡು ಮಂದಿಯ ಇನ್ನೊಂದು ತಂಡ ಮಾಡಿ. ಆರು ದಿನದಲ್ಲಿ ನಾಲ್ಕು ಊರು ಬೇಡ, ಒಂದೇ ಊರು ಸಾಕು. ಒಬ್ಬೊಬ್ಬರಿಗೂ ಏಳು ಕಿಲೋದ ಒಂದು ಚೀಲ. ದಾರಿ ತೋರಿಸಲು ನಮ್ಮಲ್ಲೇ ಒಬ್ಬ ಹುಡುಗಿ ಇದ್ದಾಳೆ, ಕೂಲಿ ಕೇಳುವವಳಲ್ಲ. ಆದರೆ ಅದಕ್ಕೆ ಮೊದಲು, ಸಭೆಯಲ್ಲಿ ಆಡಿದ ಆ ಮಾತನ್ನು ಆಡಿದವರು ಸಭೆಯಲ್ಲೇ ಹಿಂತೆಗೆದುಕೊಳ್ಳಬೇಕು, ನಕ್ಕವರು ಅದನ್ನು ಕೇಳಿಸಿಕೊಳ್ಳಬೇಕು. ಎದ್ದು ನಿಲ್ಲದೆ ಕುಳಿತಿದ್ದ ನಾನೂ ಅಂದು ಆಕೆಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ನನ್ನ ಹೋಲ್ಡಾಲು ಇನ್ನೂ ಮನೆಯ ಅಟ್ಟದಲ್ಲಿದೆ. ಪಟ್ಟಿ ಹರಿದಿದೆ, ಕ್ಯಾನ್ವಾಸು ಗಟ್ಟಿಯಾಗಿದೆ. ಅನುಮಾನ ಇದ್ದವರು ಬಂದು ನೋಡಬಹುದು.